ವಿಭೂತಿ ಹಚ್ಚಿದ ಸಿ.ಡಿ.

ಪತ್ರಿಕಾ ಪ್ರಕಟಣೆ ಎರಡು ಪುಟವಿತ್ತು. ಅದರಲ್ಲಿ ‘ಹೆಮ್ಮೆಯ’ ಎಂಬ ಪದ ಒಂಬತ್ತು ಸಲ ಬಂದಿತ್ತು. ದಾವಣಗೆರೆಯ ಕಂಪ್ಯೂಟರ್ ತರಬೇತಿ ಸಂಸ್ಥೆಯೊಂದರ ಸಂಸ್ಥಾಪಕರು ಎರಡು ದಶಕಗಳ ಹಿಂದೆ ‘ಸ್ವತಃ ತಯಾರಿಸಿದ ಮೊಟ್ಟಮೊದಲ ಕನ್ನಡ ಕಂಪ್ಯೂಟರ್ ಆಟ’ಕ್ಕಾಗಿ ಅವರಿಗೆ ನಾಗರಿಕ ಸನ್ಮಾನ ನಡೆಯಲಿದೆ, ಆ ಆಟದ ಅಪರೂಪದ ವಿಡಿಯೊವನ್ನು ವೇದಿಕೆಯ ಪರದೆಯ ಮೇಲೆ ತೋರಿಸಲಾಗುವುದು, ಪತ್ರಿಕೆಯವರು ಮುಂಚಿತವಾಗಿ ನೋಡಿ ಬರೆಯಬೇಕು ಎಂಬುದು ಸಾರಾಂಶ. ನೋಡುವುದಕ್ಕೆಂದು ಒಂದು ಪೆನ್ ಡ್ರೈವ್ ಲಗತ್ತಿಸಿದ್ದರು.

ಸನ್ಮಾನದ ಸುದ್ದಿ ನಮ್ಮ ಕಚೇರಿಗೆ ಹೊಸದಲ್ಲ. ಒಂದೂ ಶಾಲು ಹೊದೆಯದೆ ಅರವತ್ತು ದಾಟಿದ ವರ್ತಕ ಈ ಊರಿನಲ್ಲಿ ಸಿಕ್ಕರೆ ಅವರ ಬಗ್ಗೆಯೇ ಒಂದು ಸುದ್ದಿ ಮಾಡಬಹುದು. ಆದರೆ ಸನ್ಮಾನಕ್ಕೆ ಪುರಾವೆ ಲಗತ್ತಿಸುವುದು ವಿರಳ. ಪುರಾವೆ ಇದೆ ಎಂದ ಮೇಲೆ ನೋಡಲೇಬೇಕು ಎಂಬುದು ಡೆಸ್ಕಿನಲ್ಲಿ ಕುಳಿತವನ ಅಭ್ಯಾಸ. ಪೆನ್ ಡ್ರೈವ್ ಚುಚ್ಚಿದೆ. ಆರು ಫೈಲುಗಳಿದ್ದವು. ಒಂದರ ಹೆಸರಿನ ಕೊನೆಗೆ ‘ಎಂಪಿ4’ ಎಂದಿತ್ತು. ಉಳಿದ ಐದರ ಕೊನೆಗೆ ನಾನು ಯಾವ ಫೈಲಿನಲ್ಲೂ ಕಾಣದ ‘ಎಚ್‌ಆರ್‌ಆರ್’ ಎಂಬ ಮೂರಕ್ಷರ. ಯಾವುದೂ ತೆರೆಯಲಿಲ್ಲ.

ಸಂಸ್ಥಾಪಕರಿಗೆ ಫೋನ್ ಮಾಡಿದೆ.

“ಸರ್, ನೀವು ಕಳಿಸಿದ ವಿಡಿಯೊ ಓಪನ್ ಆಗ್ತಿಲ್ಲ.”

“ನಿಮ್ ಕಂಪ್ಯೂಟರ್ ಹಳೇದೈತೇನೋ ನೋಡ್ರಿ. ನಾವು ಎಂಪಿ4 ಮಾಡೇ ಕಳಿಸೀವಿ.”

“ಎಂಪಿ4 ಹೆಂಗೆ ಮಾಡಿದ್ರಿ?”

“ಹೆಂಗೆ ಅಂದ್ರೆ? ಹಳೇ ಹೆಸರು ಅಳಿಸಿ ಎಂಪಿ4 ಅಂತ ಟೈಪ್ ಮಾಡಿಸಿದೆ.”

“ನಿಮ್ಮಲ್ಲಿ ಓಪನ್ ಆಯ್ತಾ?”

“ಇಲ್ಲ. ಅದಕ್ಕೇ ಅಲ್ರೀ ನಿಮಗೆ ಕಳಿಸಿದ್ದು!”

ಇವರು ಊರಿನ ಒಂದು ತಲೆಮಾರಿಗೆ ಕಂಪ್ಯೂಟರ್ ಕಲಿಸಿದವರು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಫೈಲಿನ ಹೆಸರಿನ ಕೊನೆಯ ಮೂರಕ್ಷರ ಅಂಗಡಿಯ ಬೋರ್ಡು ಇದ್ದ ಹಾಗೆ. ಕಿರಾಣಿ ಅಂಗಡಿಗೆ ಆಭರಣದ ಅಂಗಡಿ ಎಂದು ಬೋರ್ಡು ಹಾಕಿದರೆ ಒಳಗಿನ ತೊಗರಿಬೇಳೆ ಚಿನ್ನವಾಗುವುದಿಲ್ಲ. ಆದರೆ ಬೋರ್ಡು ಬದಲಿಸಿಯೇ ಬಡಾವಣೆಗಳನ್ನು, ಕಾಲೇಜುಗಳನ್ನು, ಆಸ್ಪತ್ರೆಗಳನ್ನು ಮೇಲ್ದರ್ಜೆಗೇರಿಸಿದ ಊರಿನವರಿಗೆ ಇದು ಸುಲಭದಲ್ಲಿ ಒಪ್ಪಿಗೆಯಾಗುವ ಮಾತಲ್ಲ.

ನನಗೂ ಆಗ ಇದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ವಾರವಿಡೀ ಓದಿಕೊಂಡಾಗ ತಿಳಿದದ್ದಿಷ್ಟು. ಹಳೆಯ ಕಂಪ್ಯೂಟರ್ ಆಟಗಳಲ್ಲಿ ಒಂದು ಹಂತ ಮುಗಿದರೆ ಪುಟ್ಟದೊಂದು ವಿಡಿಯೊ ಓಡುತ್ತಿತ್ತು. ಆ ಕಾಲದ ಯಂತ್ರಗಳು ಬಡಪಾಯಿಗಳು. ಅವುಗಳಿಂದ ಚಿತ್ರ ಓಡಿಸಲು ಆಟ ಮಾಡಿದವರೆಲ್ಲ ತಮಗೆ ತೋಚಿದ ರೀತಿಯಲ್ಲಿ ಚಿತ್ರವನ್ನೂ ಧ್ವನಿಯನ್ನೂ ಕಟ್ಟಿಡುತ್ತಿದ್ದರು. ಆ ಗಂಟು ಬಿಚ್ಚುವ ಬಗೆ ಗೊತ್ತಿದ್ದದ್ದು ಆಟದ ಪ್ರೋಗ್ರಾಮಿಗೆ ಮಾತ್ರ. ಪ್ರೋಗ್ರಾಂ ಹೋದರೆ ಗಂಟು ಉಳಿಯುತ್ತದೆ, ಬಿಚ್ಚುವವರು ಇರುವುದಿಲ್ಲ. ಜಗತ್ತಿನ ಹೆಸರಾಂತ ಆಟಗಳ ಗಂಟುಗಳನ್ನು ಹವ್ಯಾಸಿಗಳು ಒಂದೊಂದಾಗಿ ಬಿಚ್ಚಿ ಪಟ್ಟಿ ಮಾಡಿದ್ದಾರೆ. ಆ ಪಟ್ಟಿಯಲ್ಲಿ ಎಚ್‌ಆರ್‌ಆರ್ ಇರಲಿಲ್ಲ.

ಹಾಗಾಗಿ ಮೂಲವನ್ನೇ ನೋಡೋಣವೆಂದು ಸಂಸ್ಥೆಗೆ ಹೋದೆ.

ಮೂಲ ಸಿ.ಡಿ. ಸಂಸ್ಥಾಪಕರ ಕೊಠಡಿಯಲ್ಲಿ, ದೇವರ ಫೋಟೊದ ಕೆಳಗೆ, ಗಾಜಿನ ಪೆಟ್ಟಿಗೆಯಲ್ಲಿತ್ತು. ಅದರ ಮೇಲೆ ಮೂರು ಎಳೆ ವಿಭೂತಿ, ನಡುವೆ ಕುಂಕುಮ. ತೂತಿನಲ್ಲಿ ಒಣಗಿದ ಚೆಂಡುಹೂವಿನ ಎಸಳು.

“ಪ್ರತಿ ಆಯುಧಪೂಜೆಗೆ ಮೊದಲ್ನೇ ಪೂಜೆ ಇದಕ್ಕೇ. ಆಮೇಲೆ ಸರ್ವರು, ಆಮೇಲೆ ನನ್ ಕಾರು” ಎಂದರು ಸಂಸ್ಥಾಪಕರು. ಹತ್ತಿ ವ್ಯಾಪಾರದ ಮನೆತನದವರು. ಬಿಳಿ ಬಟ್ಟೆ, ತಣ್ಣನೆಯ ದನಿ. “ಹಿಂದಿನ ವರ್ಷದ್ದು ಒದ್ದೆ ಬಟ್ಟೇಲಿ ಒರೆಸಿ, ಹೊಸದಾಗಿ ಹಚ್ತೀವಿ. ಒಂದು ವರ್ಷಾನೂ ತಪ್ಪಿಸಿಲ್ಲ.”

“ಹೊಳೆಯೋ ಕಡೆ ಹಚ್ತೀರಾ?”

“ಛೇ ಛೇ. ನಮಗಷ್ಟು ಗೊತ್ತಾಗಲ್ವೇನ್ರೀ? ಹೊಳೆಯೋ ಕಡೆ ಒಂದು ಬೆರಳೂ ಇಟ್ಟಿಲ್ಲ. ಹೆಸರು ಬರೆದ ಕಡೆ ಮಾತ್ರ.”

ಸಿ.ಡಿ.ಯನ್ನು ಬೆಳಕಿಗೆ ಹಿಡಿದೆ. ಜರಡಿಯಂತೆ ಅಲ್ಲಲ್ಲಿ ಬೆಳಕು ಬಂತು. ಸಿ.ಡಿ.ಯಲ್ಲಿ ಮಾಹಿತಿ ಇರುವ ಪದರ ಇರುವುದು ಹೆಸರು ಬರೆಯುವ ಬದಿಯ ತೆಳು ಬಣ್ಣದ ಕೆಳಗೇ. ಹೊಳೆಯುವ ಬದಿಗೆ ದಪ್ಪ ಪ್ಲಾಸ್ಟಿಕ್ಕಿನ ರಕ್ಷಣೆ ಇದೆ, ಮೇಲ್ಬದಿಗೆ ಏನೂ ಇಲ್ಲ. ಅಂದರೆ ಈ ಸಂಸ್ಥೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಭಕ್ತಿಯಿಂದ, ತಪ್ಪದೆ, ಸರಿಯಾದ ಜಾಗವನ್ನೇ ಹುಡುಕಿ ಉಜ್ಜಿತ್ತು. ವಿಡಿಯೊಗಳನ್ನು ಓಡಿಸುವ ಪ್ರೋಗ್ರಾಂ ಇದ್ದ ಭಾಗ ಪೂರ್ತಿ ಉದುರಿಹೋಗಿತ್ತು. ಕಾಪಿಯಾದದ್ದು ಆರು ಫೈಲು ಮಾತ್ರ.

“ಪ್ರೋಗ್ರಾಂ ಬರೆದೋರು ನೀವೇ ಅಲ್ವಾ ಸರ್? ಚಿತ್ರ ಹೆಂಗೆ ಜೋಡಿಸಿದ್ರಿ ಅಂತ ನೆನಪಿದ್ರೆ ಹೇಳ್ರಿ, ಯಾರ ಕೈಲಾದರೂ ಬಿಚ್ಚಿಸಬಹುದು.”

“ಅದೆಲ್ಲ ಟೆಕ್ನಿಕಲ್” ಎಂದರು ಸಂಸ್ಥಾಪಕರು. “ನಂದು ವಿಷನ್ನು.”

ಬೋರ್ಡಿನ ವಿಷಯದಲ್ಲಿ ಅವರನ್ನು ಆಡಿಕೊಂಡಿದ್ದು ಸಾಕು. ಈಗ ನನ್ನ ಸರದಿ. ಕಚೇರಿಗೆ ಮರಳಿ ಹಳೆಯ ಸಂಚಿಕೆಗಳ ಕಟ್ಟು ತೆಗೆಸಿದೆ. ಈ ಆಟದ ಬಿಡುಗಡೆಯ ಸುದ್ದಿ ಮೂರನೇ ಪುಟದಲ್ಲಿತ್ತು, ಬರೆದವನು ನಾನೇ. ಆಗ ನಾನು ಎರಡು ವರ್ಷದ ವರದಿಗಾರ. ಜಿಲ್ಲಾ ವರದಿಗಾರಿಕೆಯಲ್ಲಿ ಒಂದು ಅಲಿಖಿತ ಕ್ರಮವಿದೆ: ವೇದಿಕೆಯ ಮೇಲೆ ಕುಳಿತವರ ಹೆಸರು ಕುರ್ಚಿಯ ಅನುಕ್ರಮದಲ್ಲಿ ಬರಬೇಕು, ಕೆಳಗೆ ನಿಂತವರದು ಬರಬೇಕಿಲ್ಲ. ಆ ಕ್ರಮ ಪಾಲಿಸಿ, ಸಂಸ್ಥಾಪಕರು ಆಟವನ್ನು ತಯಾರಿಸಿದ್ದಾರೆ ಎಂದು ಮೊದಲ ವಾಕ್ಯ ಬರೆದಿದ್ದೆ. ಕೊನೆಯ ವಾಕ್ಯ ಹೀಗಿತ್ತು: ‘ಸಿಬ್ಬಂದಿ ಸಹಕರಿಸಿದರು.’

ಆ ಸಿಬ್ಬಂದಿ ನನಗೆ ನೆನಪಿದ್ದರು. ಅಲ್ಲಿ ಪಾಠ ಹೇಳುತ್ತಿದ್ದ, ತಲೆಗೆ ದುಪಟ್ಟಾ ಹೊದ್ದ ಒಬ್ಬ ಯುವತಿ. ವೇದಿಕೆಯ ಭಾಷಣ ನಡೆಯುತ್ತಿದ್ದಾಗ ಕೆಳಗೆ ಒಂದು ಕಂಪ್ಯೂಟರಿನ ಮುಂದೆ ನಿಂತು ನನಗೆ ಆಟ ವಿವರಿಸಿದವರು ಅವರೇ. ನೀವು ಬಸ್ ಕಂಡಕ್ಟರ್. ನಂದಿಗುಡಿಗೆ ಹೋಗುವವರು, ಭಾನುವಳ್ಳಿಗೆ ಹೋಗುವವರು ಹತ್ತುತ್ತಾರೆ. ಅವರ ಮಾತು ಕೇಳಿ ಸರಿಯಾದ ಕನ್ನಡ ಅಕ್ಷರ ಒತ್ತಿ ಟಿಕೆಟ್ ಕೊಡಬೇಕು. ಟಿಪ್ಪಣಿ ಬರೆದುಕೊಂಡಿದ್ದೆ. ಮಾತು ಮುಗಿಯುವ ಮೊದಲೇ ಅವರು ಗಡಿಯಾರ ನೋಡಿ, “ರೈಲು ಐತೆ ಸರ್” ಎಂದು ಓಡಿದ್ದರು. ಹರಿಹರದ ರೈಲು.

ಎಚ್‌ಆರ್‌ಆರ್ ಎಂಬುದು ಹರಿಹರ ನಿಲ್ದಾಣಕ್ಕೆ ರೈಲ್ವೆಯವರು ಇಟ್ಟ ಸಂಕೇತ. ಟಿಕೆಟಿನ ಮೇಲೆ ನೂರು ಸಲ ನೋಡಿದ್ದೆ.

ಹರಿಹರದಲ್ಲಿ ಅವರನ್ನು ಹುಡುಕುವುದು ಕಷ್ಟವಾಗಲಿಲ್ಲ. ನಿಲ್ದಾಣದ ರಸ್ತೆಯಲ್ಲಿ ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿಯ ಅಂಗಡಿ. ಬೆಳಗಿನ ಹನ್ನೊಂದಕ್ಕೆ ಗಿರಾಕಿಗಳು ಮೆಟ್ಟಿಲಿನವರೆಗೆ ನಿಂತಿದ್ದರು. ಒಳಗಿದ್ದ ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಪತ್ರಿಕೆಯ ಹೆಸರು ಹೇಳಿದೆ.

“ಓ, ಸಿಬ್ಬಂದಿ ಸಹಕರಿಸಿದರು ಅಂತ ಬರೆದೋರಾ? ಬರ್ರಿ, ಕೂಡ್ರಿ.”

ಕುಳಿತೆ. ಅವರು ಒಂದು ಆಧಾರ್ ಕಾರ್ಡಿನ ಪ್ರತಿ ತೆಗೆಯುತ್ತಲೇ ಮಾತಾಡಿದರು.

“ಆ ಕಟಿಂಗು ಎಷ್ಟು ಇಂಟರ್‌ವ್ಯೂಗೆ ಒಯ್ದೀನಿ ಗೊತ್ತೈತೇನ್ರಿ? ಈ ಆಟ ನಾನೇ ಮಾಡಿದ್ದು ಅಂದ್ರೆ, ಅವರು ಕಟಿಂಗ್ ಓದಿ, ಇದ್ರಾಗೆ ನಿಮ್ ಹೆಸರೇ ಇಲ್ವಲ್ಲಮ್ಮ ಅನ್ನೋರು. ಸರ್ ಹತ್ರ ಸರ್ಟಿಫಿಕೇಟ್ ಕೇಳಿದೆ. ಕೊಟ್ರು. ಏನಂತ? ಟೈಪಿಸ್ಟ್ ಅಂತ.”

“ನಮಗೆ ಆಗಲೇ ಫೋನ್ ಮಾಡಬಹುದಿತ್ತು.”

“ಮಾಡಿದ್ದೆ. ಫೋನ್ ತೆಗೆದೋರು, ಸಂಸ್ಥೆಯ ಲೆಟರ್‌ಹೆಡ್ಡಿನಾಗೆ ಬರೆಸ್ಕಂಡು ಬಾ ಅಂದ್ರು.”

ಅದು ಯಾರೆಂದು ನಾನು ಕೇಳಲಿಲ್ಲ. ಆಗ ಕಚೇರಿಯಲ್ಲಿ ಫೋನ್ ಇದ್ದದ್ದು ಒಂದೇ, ನನ್ನ ಮೇಜಿನ ಪಕ್ಕ.

ಪೆನ್ ಡ್ರೈವ್ ಕೊಟ್ಟೆ. ಅವರು ಫೈಲುಗಳ ಪಟ್ಟಿ ನೋಡಿದರು. ಆರನೆಯದರ ಮೇಲೆ ಬೆರಳಿಟ್ಟರು.

“ಕೊನೇದು ಉಳಿದೈತೆ. ಆಟ ಗೆದ್ದೋರಿಗೆ ಮಾತ್ರ ಬರೋದು. ಆ ಸಂಸ್ಥೆಯಾಗೆ ಯಾರೂ ಗೆದ್ದಿಲ್ಲ, ಸರ್ ಅಂತೂ ಮೊದಲ್ನೇ ಬಸ್‌ಸ್ಟಾಪೇ ದಾಟಿಲ್ಲ. ಇದ್ರಾಗೆ ನನ್ ಹೆಸರು ಹೇಳೀನಿ. ಇದೊಂದು ಬಿಚ್ಚಿದ್ರೆ ನಿಮ್ ಪೇಪರ್ನಾಗೆ ತಿದ್ದಿ ಹಾಕ್ತೀರಾ?”

“ಹಾಕ್ತೀನಿ.”

“ಲೆಟರ್‌ಹೆಡ್ ಬ್ಯಾಡೇನು?”

“ಬೇಡ.”

ತೊಡಕು ಒಂದೇ. ಗಂಟು ಕಟ್ಟಿದವರಿಗೇ ಅದನ್ನು ಹೇಗೆ ಕಟ್ಟಿದ್ದೆ ಎಂಬುದು ಮರೆತಿತ್ತು. ಬರೆದಿಟ್ಟ ಪುಸ್ತಕ ಸಂಸ್ಥೆಯಲ್ಲೇ ಉಳಿದು ರದ್ದಿಗೆ ಹೋಗಿತ್ತು. ಅವರು ಫೈಲಿನ ಒಳಗಿನ ಅಂಕಿಗಳನ್ನು ಹಾಗೆಯೇ ತೋರಿಸುವ ಒಂದು ಪ್ರೋಗ್ರಾಂ ತೆರೆದರು. ಪರದೆಯ ತುಂಬ ಇರುವೆ ಸಾಲಿನಂತೆ ಅಂಕಿಗಳು. ತಲೆಯಲ್ಲಿ ಮಾತ್ರ ಮೂರಕ್ಷರ ಓದುವಂತಿತ್ತು: ಎಚ್‌ಆರ್‌ಆರ್. ‘ಎಂಪಿ4’ ಎಂದು ಹೆಸರು ಬದಲಿಸಿದ್ದ ಫೈಲಿನ ತಲೆಯಲ್ಲೂ ಅದೇ. ಬೋರ್ಡು ಬದಲಿಸಿದವರು ಹೊಸಿಲು ದಾಟಿರಲಿಲ್ಲ.

“ಒತ್ತಿ ಸಣ್ಣದು ಮಾಡೋ ಕಂಪ್ರೆಷನ್ ಗಿಂಪ್ರೆಷನ್ ನನಗೆ ಬರ್ತಿರಲಿಲ್ಲ. ಕಲಿಸೋರು ಯಾರಿದ್ರು? ಸಿ.ಡಿ.ಯಾಗೆ ಜಾಗ ರಗಡಿತ್ತು. ಚಿತ್ರ ಇದ್ದಂಗೇ ತುಂಬಿರಬೇಕು” ಎಂದರು.

ಅದೇ ಅವರನ್ನು ಕಾಪಾಡಿತು. ಜಾಣರು ಕಟ್ಟಿದ ಗಂಟಿನಲ್ಲಿ ಒಂದು ಎಳೆ ಹೋದರೂ ಉಳಿದದ್ದು ಬಿಚ್ಚುವುದಿಲ್ಲ. ಇವರು ಎಲ್ಲವನ್ನೂ ಮಡಚದೆ ಸಾಲಾಗಿ ಇಟ್ಟಿದ್ದರು.

ಆರನೆಯ ಫೈಲನ್ನು ಧ್ವನಿ ಕೇಳಿಸುವ ಪ್ರೋಗ್ರಾಮಿಗೆ ಹಾಗೇ ಹಾಕಿ, ಇದೆಲ್ಲವೂ ಧ್ವನಿ ಎಂದು ತಿಳಿದುಕೋ ಎಂದರು. ಚಿತ್ರದ ಭಾಗಗಳೂ ಸದ್ದಾಗಿ ಹೊರಟವು. ಬಟ್ಟೆ ಮಿಲ್ಲಿನ ಮಗ್ಗದ ಸದ್ದು, ಒಂದೇ ಲಯ. ಪಹಣಿಗೆ ಬಂದಿದ್ದ ಭಾನುವಳ್ಳಿಯ ರೈತರೊಬ್ಬರು ಕಿವಿ ಮುಚ್ಚಿದರು.

“ಏನಕ್ಕಾ ಇದು, ಮಷೀನ್ ಕೆಟ್ಟೈತೇನು?”

“ಇಲ್ಲ ಅಣ್ಣಾ, ಇದು ವಿಡಿಯೊ.”

“ವಿಡಿಯೊ ಅಂದ್ರೆ ಕಾಣ್ಬೇಕಲ್ಲ?”

“ಮೊದ್ಲು ಕೇಳ್ಲಿ, ಆಮೇಲೆ ಕಾಣ್ತೈತೆ.”

ಅವರು ನೇರವಾಗಿ ಫೈಲಿನ ತುದಿಗೆ ಹೋದರು. ಮಗ್ಗ ನಿಂತಿತು. ಯಾರೋ ಇಲಿಯ ದನಿಯಲ್ಲಿ ಕಿಚಕಿಚ ಮಾತಾಡಿದರು. ವೇಗ ಅರ್ಧಕ್ಕೆ ಇಳಿಸಿದರು. ಇಲಿ ಹೋಗಿ ಒಬ್ಬ ಯುವತಿ ಬಂದಳು: ಪುಸ್ತಕದ ಕನ್ನಡದಲ್ಲಿ, ಗಾಬರಿಯಿಂದ, ಆಟ ಗೆದ್ದ ನಿಮಗೆ ಅಭಿನಂದನೆಗಳು, ಈ ಆಟವನ್ನು ರಚಿಸಿದವಳು ನಾನು ಎಂದು ಹೆಸರು ಹೇಳಿದಳು. ಅದರ ಹಿಂದೆಯೇ ದೂರದಿಂದ ಒಂದು ಗಂಡುದನಿ, ತಣ್ಣನೆಯದು:

“ಲಗೂನೆ ಮುಗಿಸವ್ವ, ಕ್ಯಾಮೆರಾದೋನು ಮದುವಿಗೆ ಹೋಗ್ಬೇಕಂತೆ. ನಿನ್ ಹೆಸರು ಹೇಳ್ಕೊ, ಬ್ಯಾಡ ಅನ್ನಲ್ಲ. ನೀನೇ ಮಾಡೀದಿ. ಮೊದಲ್ನೇದ್ರಾಗೆ ನಂದೈತಲ್ಲ. ಕೊನೆಗಂಟ ಯಾರು ನೋಡ್ತಾರೆ?”

ಅವರು ದುಪಟ್ಟಾದ ತುದಿಯಿಂದ ಕನ್ನಡಕ ಒರೆಸಿಕೊಂಡರು. ರೈತರು, “ಅಕ್ಕಾ, ಅದು ನಿನ್ ದನೀನೇ ಐತೆ. ಪಹಣಿ?” ಎಂದರು.

ಚಿತ್ರಕ್ಕೆ ಇನ್ನೂ ನಾಲ್ಕು ದಿನ ಹಿಡಿಯಿತು. ಗಿರಾಕಿಗಳ ಮಧ್ಯೆ ಬಿಡುವಾದಾಗ ಸಣ್ಣದೊಂದು ಪ್ರೋಗ್ರಾಂ ಬರೆದರು. ಅಗಲದ ಅಳತೆ ತಪ್ಪಿ ಮೊದಲ ಸಲ ಎಲ್ಲ ಓರೆಯಾಗಿ ಹರಿದುಹೋಯಿತು. ಅಳತೆ ಸಿಕ್ಕಿದ ಮೇಲೆ ಮೊದಲ ಫೈಲು ತೆರೆದಾಗ ನಾನು ಅಲ್ಲಿದ್ದೆ. ಸಂಸ್ಥಾಪಕರು ಸಫಾರಿ ಉಡುಪಿನಲ್ಲಿ ತಲೆಕೆಳಗಾಗಿ ನೇತಾಡುತ್ತ ದೀಪ ಬೆಳಗುತ್ತಿದ್ದರು. ಜ್ಯೋತಿ ಕೆಳಮುಖವಾಗಿ ಉರಿಯುತ್ತಿತ್ತು. ಸುತ್ತ ಕಗ್ಗತ್ತಲು.

“ಯಾ ಅಲ್ಲಾ, ಸರ್ ಬಾವ್ಯಾಗೆ ಬಿದ್ದಾರೆ” ಎಂದು ಅವರು ನಕ್ಕರು. ಆಗಿನವರು ಚಿತ್ರವನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಬರೆದಿಡುತ್ತಿದ್ದದ್ದೂ ಉಂಟಂತೆ. ಬಣ್ಣವನ್ನು ಅರವತ್ತನಾಲ್ಕು ಮೆಟ್ಟಿಲಲ್ಲಿ ಅಳೆಯುತ್ತಿದ್ದರಂತೆ. ಈಗಿನ ಪರದೆಗೆ ಇನ್ನೂರ ಐವತ್ತಾರು ಬೇಕು. ಎಲ್ಲ ಅಂಕಿಗಳನ್ನು ನಾಲ್ಕರಿಂದ ಗುಣಿಸಿದರು. ಬೆಳಕಾಯಿತು. ಮೇಲು ಕೆಳಗು ಮಾಡಿದರು. ಸಂಸ್ಥಾಪಕರು ನೆಟ್ಟಗೆ ನಿಂತು ತಮ್ಮ ದೂರದೃಷ್ಟಿಯ ಬಗ್ಗೆ ಮಾತಾಡಿದರು. ಆಟದಲ್ಲಿ ಈ ಭಾಷಣವನ್ನು ನೋಡದೆ ಮುಂದೆ ಹೋಗಲು ಬರುತ್ತಿರಲಿಲ್ಲವಂತೆ. ಆ ಏರ್ಪಾಡನ್ನು ಮಾತ್ರ ಸಂಸ್ಥಾಪಕರೇ ಹೇಳಿ ಮಾಡಿಸಿದ್ದರಂತೆ. ಅಷ್ಟರ ಮಟ್ಟಿಗೆ ಆಟ ಅವರದೂ ಹೌದು.

ಪ್ರಕಟಿಸುವ ಮೊದಲು ಎದುರಿನವರ ಮಾತು ಕೇಳಬೇಕು ಎಂಬುದು ನಿಯಮ. ದಾವಣಗೆರೆಯ ಆ ಕೊಠಡಿಗೆ ಮತ್ತೆ ಹೋಗಿ, ಮೊಬೈಲಿನಲ್ಲಿ ಆರನೆಯ ಫೈಲಿನ ಮಾತನ್ನು ಕೇಳಿಸಿದೆ. ಸಂಸ್ಥಾಪಕರು ಎರಡು ಸಲ ಕೇಳಿದರು.

“ದನಿ ನಂದೇ” ಎಂದರು. “ಆದ್ರೆ ನಾನು ಹಂಗೆ ಅಂದಿಲ್ಲ.”

ಬರೆದುಕೊಂಡೆ.

“ಬರ್ಕೊಂಡ್ರೇನು? ಬ್ಯಾಡ್ರೀ. ಇದೆಲ್ಲ ತಂಡದ ಕೆಲಸ ಅಂತ ಬರೀರಿ. ಆಯಮ್ಮಂಗೂ ಒಂದು ಶಾಲು ಹಾಕಿಸೋಣ. ಸ್ಟೇಜಿನ ಮ್ಯಾಲೆ ಜಾಗ ಇಲ್ಲ, ಕೆಳಗೆ ಮುಂದಿನ ಸಾಲಿನಾಗೆ ಕೂಡ್ಲಿ, ಕರೆದು ಹಾಕಿಸ್ತೀವಿ. ದೀಪ ಬೆಳಗೋ ವಿಡಿಯೊ ಮಾತ್ರ ಕಳಿಸಾಕೆ ಹೇಳ್ರಿ.”

ಆ ಮಾತನ್ನು ಹರಿಹರಕ್ಕೆ ಮುಟ್ಟಿಸಿದೆ.

“ಶಾಲು ನಮ್ ಮನ್ಯಾಗೂ ಅದಾವು” ಎಂದರು ಅವರು. “ವಿಡಿಯೊ ಕೊಡ್ತೀನಿ. ಆದ್ರೆ ಮೊದಲ್ನೇದು, ಕೊನೇದು ಎರಡೂ ಒಂದೇ ಫೈಲು ಮಾಡಿ ಕೊಡ್ತೀನಿ. ತೋರಿಸಿದ್ರೆ ಪೂರಾ ತೋರಿಸ್ಲಿ.”

ಸನ್ಮಾನ ನಡೆಯಿತು. ಎರಡೂ ಸೇರಿದ್ದ ಫೈಲು ಸಮಿತಿಯ ಕೈಯಲ್ಲಿತ್ತು, ಈ ಸಲ ನಿಜವಾದ ಎಂಪಿ4. ತಾಂತ್ರಿಕ ಕಾರಣದಿಂದ ಅದು ತೆರೆಯುತ್ತಿಲ್ಲ ಎಂದು ನಿರೂಪಕರು ಘೋಷಿಸಿದರು. ಬದಲಿಗೆ ವಿಭೂತಿ ಹಚ್ಚಿದ ಸಿ.ಡಿ.ಯ ಫೋಟೊವನ್ನು ಪರದೆಯ ತುಂಬ ತೋರಿಸಿದರು. ಸಭಿಕರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈ ಮುಗಿದರು.

ತಿದ್ದುಪಡಿ ಹಾಕಿಸುವುದು ನಾನು ಎಣಿಸಿದ್ದಕ್ಕಿಂತ ಕಷ್ಟವಾಯಿತು. ಸಂಪಾದಕರು ನನ್ನ ಹಳೆಯ ಸಹೋದ್ಯೋಗಿ. “ಇಷ್ಟು ವರ್ಷದ ಮೇಲೆ ತಪ್ಪಾಗಿತ್ತು ಅಂದ್ರೆ ಓದುಗರು ಉಳಿದದ್ದನ್ನೂ ತೆಗೆದು ನೋಡ್ತಾರೆ ಮಾರಾಯ” ಎಂದರು. ನೋಡಲಿ ಎಂದೆ. ಮೂರು ದಿನ ಮೂರು ಬಾರಿ ಬರೆದುಕೊಟ್ಟೆ. ನಾಲ್ಕನೆಯ ದಿನ ಬಂತು. ಆರನೇ ಪುಟದಲ್ಲಿ, ‘ಮೂಲ ಅಂಕಪಟ್ಟಿ ಕಳೆದಿದೆ’ ಎಂಬ ಜಾಹೀರಾತಿನ ಕೆಳಗೆ, ಅದಕ್ಕಿಂತ ಸಣ್ಣ ಅಕ್ಷರದಲ್ಲಿ. ಆಟವನ್ನು ತಯಾರಿಸಿದವರು ಸಂಸ್ಥಾಪಕರಲ್ಲ, ಇಂಥವರು, ತಪ್ಪು ವರದಿಗಾರನದು. ಸಂಸ್ಥಾಪಕರ ಹೇಳಿಕೆಯನ್ನೂ ಇದ್ದ ಹಾಗೆಯೇ ಹಾಕಿದ್ದೆ: ದನಿ ನನ್ನದೇ, ಆದರೆ ನಾನು ಹಾಗೆ ಅಂದಿಲ್ಲ. ಪುಟ ನೋಡುವವರು ಅದನ್ನು ಕತ್ತರಿಸಲಿಲ್ಲ. ಅಷ್ಟು ಕೆಳಗೆ ಅವರು ಓದಿರಲಾರರು.

ಪತ್ರಿಕೆ ಹಿಡಿದು ಹರಿಹರಕ್ಕೆ ಹೋದೆ. ಅವರು ಆ ತುಣುಕನ್ನು ಗಾಜಿನ ಮೇಲೆ ಮಗುಚಿಟ್ಟು, ದೊಡ್ಡದು ಮಾಡುವ ಗುಂಡಿ ಒತ್ತಿ ಜೆರಾಕ್ಸ್ ತೆಗೆದರು. ಎರಡು ಪಟ್ಟು. ಸಾಲಲಿಲ್ಲ. ನಾಲ್ಕು ಪಟ್ಟು. ಆಗ ಹೆಸರು ತೋಳಳತೆಯ ದೂರದಿಂದಲೂ ಓದುವಷ್ಟಾಯಿತು.

“ಈಗ ಯಾರಿಗೆ ತೋರಿಸ್ಲಿ? ಇಂಟರ್‌ವ್ಯೂ ಮಾಡೋರು ಈಗ ನನ್ ಮಗಳ ವಯಸ್ನೋರು.”

ನನ್ನ ಪುಸ್ತಕಕ್ಕೆಂದು ಬರೆಯುವ ಈ ಬರಹದಲ್ಲಿ ಅವರ ಹೆಸರು ಬರೆಯಲೇ ಎಂದು ಕೇಳಿದೆ. “ಪೇಪರ್ನಾಗೆ ಬರ್ಬೇಕಿತ್ತು, ಬಂತು. ನಿಮ್ ಪುಸ್ತಕದಾಗೆ ಬ್ಯಾಡ. ಅಲ್ಲಿ ಮತ್ತೇನು ಬರೀತೀರೋ ಯಾರಿಗೊತ್ತು” ಎಂದರು.

ಆಮೇಲೆ ಪೆನ್ ಡ್ರೈವ್ ಚುಚ್ಚಿ, ಆರು ಫೈಲುಗಳ ಪಕ್ಕದಲ್ಲಿ ಹೊಸದೊಂದು ಖಾಲಿ ಫೈಲು ತೆರೆದರು. ಮುಂದೆ ಯಾರಾದರೂ ಈ ಗಂಟು ಬಿಚ್ಚಬೇಕೆಂದರೆ ದಾರಿ ತಿಳಿಯಲಿ, ಇಡೀ ಜೋಡಣೆಯನ್ನು ಕನ್ನಡದಲ್ಲಿ ಬರೆದಿಡೋಣ ಎಂದರು. ಅಷ್ಟರಲ್ಲಿ ಮೆಟ್ಟಿಲಿಗೆ ಗಿರಾಕಿಗಳು ಬಂದರು. ಕೀಬೋರ್ಡನ್ನು ನನ್ನ ಕಡೆ ತಳ್ಳಿ ಅವರು ಜೆರಾಕ್ಸ್ ಯಂತ್ರದ ಬಳಿ ಹೋಗಿ ನಿಂತರು.

“ನಾನ್ ಹೇಳ್ತೀನಿ, ನೀವು ಬರೀರಿ. ಹೇಳಿದಂಗೇ ಬರೀಬೇಕು ಮತ್ತೆ. ಮೊದಲ್ನೇ ಸಾಲು, ಮಾಡಿದವರು...”

ಹೇಳಿದ ಹಾಗೆಯೇ ಬರೆದೆ. ಎರಡನೆಯ ಸಾಲು ಚಿತ್ರದ ಅಗಲ. ಮೂರನೆಯದು ಎತ್ತರ.